ಮದುವಣಿಗನ ಬಿಳಿ ಕುರ್ತಾ

೧೯೭೮ರ ನವೆಂಬರ್ ೨೭, ಸೋಮವಾರ. ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಲಖನೌ ನಗರದ ನೀಲ್‌ಕಟ್ರಾ ಠಾಣೆಯ ಅಂಗಳಕ್ಕೆ ಏಳೆಂಟು ಜನ ಒಬ್ಬ ಅಗಸನನ್ನು ನೂಕಿಕೊಂಡು ಬಂದರು. ಅಗಸನ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಗುಂಪಿನ ಮುಂದೆ, ಶಾಲಿನ ಅಂಚು ಯಾರಿಗೂ ತಗಲದಂತೆ ಹಿಡಿದುಕೊಂಡು ನಡೆದು ಬಂದವನು ಚಿಕನ್ ಕಸೂತಿ ಬಟ್ಟೆಗಳ ವ್ಯಾಪಾರಿ ಸಿಬ್ತೈನ್ ಮಿರ್ಜಾ.

"ದರೋಗಾ ಸಾಹೇಬ್ರೆ, ಮೊದ್ಲು ಇವ್ನನ್ನ ಒಳಗೆ ಹಾಕಿ. ಆಮೇಲೆ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಕೈಲಾಸನಾಥ ನಿಗಮ್ ತಲೆ ಎತ್ತಲಿಲ್ಲ. "ಬರ್ಕೊಳ್ಳೋದು ಮೊದ್ಲು, ಮಿರ್ಜಾ ಸಾಹೇಬ್ರೆ. ಕೂತ್ಕೊಳ್ಳಿ. ಏನು ಹೋಯ್ತು?"

"ಕುರ್ತಾ."

"ಎಷ್ಟು?"

"ಒಂದು."

ಹೆಡ್ ಕಾನ್‌ಸ್ಟೇಬಲ್ ಇಶ್ರತ್ ಹುಸೇನ್ ಮೂಲೆಯಲ್ಲಿ ಕೆಮ್ಮಿ ನಗೆಯನ್ನು ಮರೆಸಿದನು. ನಿಗಮ್ ಲೇಖನಿಯನ್ನು ಕೆಳಗಿಟ್ಟನು. "ನಿಮ್ಮ ಕೋಠೀಲಿ ಕುರ್ತಾಗಳನ್ನ ಹೊರೆ ಲೆಕ್ಕದಲ್ಲಿ ಮಾರ್ತೀರಿ. ಒಂದು ಹೋಯ್ತು ಅಂತ ಒಂದು ಮೆರವಣಿಗೆ ಕರ್ಕೊಂಡು ಬಂದಿದ್ದೀರಾ?"

"ಅವೆಲ್ಲ ಮಾರೋಕೆ, ಸಾಹೇಬ್ರೆ. ಇದು ಮದುವಣಿಗನಿಗೆ ಉಡಿಸೋಕೆ. ನಮ್ಮ ಕುಲದಲ್ಲಿ ವರನ ಕುರ್ತಾಕ್ಕೆ ಬಟ್ಟೆ ಹುಡುಗಿಯ ಸೋದರಮಾವಂದು, ಸೂಜಿ ಹುಡುಗೀದು. ಅದನ್ನ ತೊಟ್ಟ ಮೇಲೇ ವರ ಮನೆ ಹೊಸ್ತಿಲು ದಾಟೋದು. ನನ್ನ ತಂಗಿ ಸತ್ತಿದಾಳೆ, ಅವಳ ಮಗಳು ರುಬಾಬ್ ಒಂದೂವರೆ ವರ್ಷ ಕೂತು ಹೊಲಿದಿದಾಳೆ. ನಿಕಾಹ್ ಗುರುವಾರ. ಹೆಚ್ಚೆಂದ್ರೆ ಶುಕ್ರವಾರ ಬೆಳಕಿರೋತನಕ ತಳ್ಳಬಹುದು. ಸಂಜೆ ಮೊಹರಂ ಚಂದ್ರ ಕಂಡ ಅಂದ್ರೆ ಮುಗೀತು. ಎರಡು ತಿಂಗಳು ಎಂಟು ದಿನ ನಮ್ಮಲ್ಲಿ ಯಾರೂ ಮದುವೆ ಮಾತೆತ್ತೋ ಹಾಗಿಲ್ಲ."

"ಆಮೇಲೆ ಮಾಡಿ."

"ಹುಡುಗ ಶಬ್ಬರ್ ಕುವೈತಲ್ಲಿ ಕೆಲ್ಸದಲ್ಲಿದಾನೆ. ಮುಂದಿನ ವಾರ ಬೊಂಬಾಯಿಂದ ವಿಮಾನ. ಹೋದ್ರೆ ಎರಡು ವರ್ಷ. ವರನ ಕುರ್ತಾ ಕಳೆದುಹೋದ ಹುಡುಗಿ ಅಂತ ಹೆಸರು ಬಿದ್ರೆ, ಯಾರು ಕಾಯ್ತಾರೆ? ನಿಮಗೆ ಹೆಣ್ಣುಮಕ್ಕಳಿಲ್ವಾ?"

ನಿಗಮನಿಗೆ ಇಬ್ಬರಿದ್ದರು. ಅವನು ಲೇಖನಿ ಎತ್ತಿದನು.

ಅಪರಾಧ ಸಂಖ್ಯೆ ೨೧೪/೭೮, ದಂಡಸಂಹಿತೆಯ ಕಲಂ ೩೭೯ರಡಿ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತು: ಬಿಳಿಯ ಹತ್ತಿ ಕುರ್ತಾ ಒಂದು, ಟಾಂಡಾದಲ್ಲಿ ನೇಯ್ದ ಬಟ್ಟೆ, ನೇಯ್ಗೆಯಲ್ಲಿಯೇ ಕಂಡೂ ಕಾಣದಂತಹ ಸಣ್ಣ ಹೂಗಳು, ಕತ್ತು, ಎದೆ, ತೋಳುಗಳ ಮೇಲೆ ಬಿಳಿ ದಾರದ ಬಳ್ಳಿಯ ಕಸೂತಿ. ಕಳುವಾದ ಸ್ಥಳ: ಗೋಮತಿ ತೀರದಲ್ಲಿ ಭಗೌತಿ ಎಂಬ ಅಗಸನ ಒಗೆಯುವ ಕಟ್ಟೆ. ಕಾಲ: ಭಾನುವಾರ ಸಂಜೆ.

ಹನ್ನೊಂದು ಗಂಟೆಗೆ ನಿಗಮ್ ಮತ್ತು ಇಶ್ರತ್ ಭಗೌತಿಯನ್ನು ಕರೆದುಕೊಂಡು ಕಟ್ಟೆಗೆ ಹೋದರು. ಒಬ್ಬ ದೋಣಿಯವನೂ ಒಬ್ಬ ಚಹಾದವನೂ ಪಂಚರಾದರು. ದಂಡೆಯುದ್ದಕ್ಕೂ ಬಿದಿರುಗಣೆಗಳ ನಡುವೆ ಹುರಿಹೊಸೆದ ಜೋಡಿ ಹಗ್ಗಗಳು. ಅವುಗಳ ಹುರಿಯೊಳಗೆ ಹೆಗಲ ತುದಿಗಳನ್ನು ಸಿಕ್ಕಿಸಿಕೊಂಡು ಸಾಲುಸಾಲು ಕುರ್ತಾಗಳು ಗಾಳಿಗೆ ಎದೆಯುಬ್ಬಿಸುತ್ತಿದ್ದವು. ಆಲದ ನೆರಳಿನಲ್ಲಿ ಬೇರೆಯಾಗಿ ಕಟ್ಟಿದ ಒಂದು ಹಗ್ಗ ಮಾತ್ರ ಬರಿದಾಗಿತ್ತು.

"ಇಲ್ಲೇ ಹಾಕಿದ್ದೆ, ಸಾಹೇಬ್ರೆ. ಮದುವೆ ಬಟ್ಟೆ ಅಂತ ಬಿಸಿಲಿಗೂ ತೋರಿಸ್ಲಿಲ್ಲ," ಎಂದನು ಭಗೌತಿ.

"ನೀನೆಲ್ಲಿದ್ದೆ?"

"ಇಲ್ಲೇ. ಕದಲಿಲ್ಲ."

ಕಲ್ಲಿನ ಮೇಲೆ ಬಟ್ಟೆ ಹಿಂಡುತ್ತಿದ್ದ ಅವನ ಹೆಂಡತಿ ತಿರುಗಿಯೂ ನೋಡದೆ ಹೇಳಿದಳು: "ಕದಲಿಲ್ಲವಂತೆ! ಸೇಂದಿ ಅಂಗಡೀನೇ ನಡ್ಕೊಂಡು ಇವ್ನ ಹತ್ರ ಬಂದಿತ್ತು ಅನ್ಸುತ್ತೆ."

"ಬಾಯ್ಮುಚ್ಚೇ!"

"ಮುಚ್ತೀನಿ. ನೀನು ಜೈಲಿಗೆ ಹೋಗು."

ನಿಗಮ್ ಬರಿದಾದ ಹಗ್ಗವನ್ನು ಪರೀಕ್ಷಿಸಿದನು. ಅದರ ಹುರಿ ಬಿಚ್ಚಿ ಮತ್ತೆ ಮೊದಲಿನಂತೆ ಹೊಸೆದಿತ್ತು. ಅರಿಯದವನಾಗಿದ್ದರೆ ಕುರ್ತಾವನ್ನು ಜಗ್ಗಿ ಎಳೆಯುತ್ತಿದ್ದ. ಹೆಗಲು ಹರಿದು ಹಗ್ಗದಲ್ಲಿ ಎಳೆ ಉಳಿಯುತ್ತಿತ್ತು. ಒಂದು ಎಳೆಯೂ ಇರಲಿಲ್ಲ. ಪಕ್ಕದ ಸಾಲಿನ ಬೆಲೆಬಾಳುವ ಬಟ್ಟೆಗಳಿಗೆ ಯಾರೂ ಕೈ ಹಚ್ಚಿರಲಿಲ್ಲ. ಬಟ್ಟೆಯ ಮರ್ಯಾದೆ ಬಲ್ಲವನೇ ತೆಗೆದಿದ್ದಾನೆ ಎಂದು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ. "ಹಗ್ಗ ಯಥಾಸ್ಥಿತಿಯಲ್ಲಿದೆ" ಎಂದು ಬರೆದರು. ಆ ಮಾತು ಭಗೌತಿಗೇ ಮುಳುವಾಯಿತು. ಹಗ್ಗ ಅವನದು, ಕೈಚಳಕ ಅವನದು, ಸುಳ್ಳೂ ಅವನದು. ಮಧ್ಯಾಹ್ನ ಅವನನ್ನು ಲಾಕಪ್ಪಿಗೆ ಹಾಕಲಾಯಿತು.

ಮಂಗಳವಾರ ನಿಗಮ್ ಪೇಟೆಯನ್ನು ಅಂಗಡಿಯಂಗಡಿಯಾಗಿ ಸುತ್ತಿದನು. ಕಾನ್ಪುರದ ಗಾಡಿಗಳ ಮೇಲೆ ಕಣ್ಣಿಡಲು ರೈಲ್ವೆ ಪೊಲೀಸರಿಗೆ ಹೇಳಿ ಕಳುಹಿಸಿದನು. ಕಳವಿನ ಮಾಲು ಕೊಳ್ಳುವ ಹಳೆಯ ಗಿರಾಕಿಯೊಬ್ಬ ಕಿವಿ ಮುಟ್ಟಿಕೊಂಡು ಹೇಳಿದನು:

"ಅದನ್ನ ನಾನು ಕೊಳ್ಳೋದಾ? ರುಬಾಬಳ ಸೂಜಿ ಅಂದ್ರೆ ಕುರುಡನೂ ಕೈಯಾಡಿಸಿ ಹೇಳ್ತಾನೆ. ಕದ್ದೋನು ಅದನ್ನ ಮಾರೋ ಹಾಗೂ ಇಲ್ಲ, ತೊಟ್ಕೊಂಡು ಬೀದಿಗೆ ಬರೋ ಹಾಗೂ ಇಲ್ಲ. ಮೂರ್ಖ ನನ್ಮಗ."

"ಮೂರ್ಖ ಅಲ್ದೇ ಇದ್ರೆ?"

"ಹಂಗಾದ್ರೆ ನನಗಿಂತ ದೊಡ್ಡೋನು, ಬಿಡಿ."

ಠಾಣೆಗೆ ಹಿಂದಿರುಗಿ ನಿಗಮ್ ತನಿಖಾ ಡೈರಿಯಲ್ಲಿ ಹೀಗೆ ಬರೆದನು: ಈ ಕಳವಿನಿಂದ ಕಳ್ಳನಿಗೆ ದಕ್ಕುವುದು ಕುರ್ತಾ ಅಲ್ಲ, ಕುರ್ತಾದ ಇಲ್ಲದಿರುವಿಕೆ. ಮದುವೆ ನಿಂತರೆ ಯಾರಿಗೆ ಅನುಕೂಲ?

ಅದೇ ಸಂಜೆ ಅವನು ವರನ ಮನೆಗೆ ಹೋದನು. ವರನ ತಾಯಿ ಸುಗ್ರಾ ಬೇಗಂ ವಿಧವೆ. ಹುಡುಗಿಯ ತಂದೆಗೆ ಸ್ವಂತ ತಂಗಿ. ಪರದೆಯ ಆಚೆಯಿಂದ ಉತ್ತರ ಕೊಟ್ಟಳು.

"ಬೇರೆ ಕುರ್ತಾ ತೊಡಿಸಿದ್ರೆ ಆಗಲ್ವಾ, ಬೇಗಂ ಸಾಹಿಬಾ?"

"ನನ್ನ ಅಣ್ಣಂದಿರಲ್ಲಿ ದೊಡ್ಡೋನು ಎರವಲು ಕುರ್ತಾ ತೊಟ್ಟು ನಿಕಾಹ್‌ಗೆ ಕೂತಿದ್ದ. ಹೆಂಡತಿ ವರ್ಷ ಬಾಳಲಿಲ್ಲ. ಕಂಡೂ ಕಂಡೂ ನನ್ನ ಮಗನಿಗೆ ಮಾಡ್ಲಾ? ಅದೇ ಕುರ್ತಾ ಬರ್ಬೇಕು."

"ಬರದಿದ್ರೆ?"

"ಪೊಲೀಸ್ನೋರು ಇರೋದು ಯಾತಕ್ಕೆ?"

ಶಬ್ಬರ್ ಬಾಗಿಲಿನವರೆಗೆ ಬೀಳ್ಕೊಡಲು ಬಂದನು. ಮೂವತ್ತರ ಹರೆಯ, ಮೈಕೈ ತುಂಬಿದ್ದ.

"ಭಾನುವಾರ ಸಂಜೆ ಎಲ್ಲಿದ್ದೆಯಪ್ಪಾ?"

"ಮನೇಲೇ. ನೆಂಟರೆಲ್ಲಾ ಇದ್ರು. ಕೇಳಿ ನೋಡಿ."

"ಕೇಳಿದೆ. ಇದ್ದೆಯಂತೆ. ಕುರ್ತಾ ಸಿಗ್ಲಿ ಅಂತ ಇದೆಯೋ, ಬೇಡ ಅಂತ ಇದೆಯೋ?"

ಶಬ್ಬರ್ ನೆಲ ನೋಡಿದನು. "ಅಮ್ಮಿ ಹೇಳಿದ ಹಾಗೆ," ಎಂದನು.

ಬುಧವಾರ ಬೆಳಗ್ಗೆ ಇಶ್ರತ್ ಲಾಕಪ್ಪಿನ ಸರಳುಗಳ ಮುಂದೆ ನಿಂತು ಭಗೌತಿಯನ್ನು ಗೇಲಿ ಮಾಡುತ್ತಿದ್ದನು. ಅಗಸನ ಮುಂದೆ ಮುತ್ತುಗದೆಲೆಯ ದೊನ್ನೆಗಳಲ್ಲಿ ಬಿಸಿ ಪೂರಿ, ಆಲೂಗಡ್ಡೆ ಪಲ್ಯ, ಒಂದಿಷ್ಟು ಜಿಲೇಬಿ.

"ಏನೋ ಭಗೌತಿ, ಬೀಗರ ಮನೆಗೆ ಬಂದಂಗಿದೆಯಲ್ಲೋ!"

"ನನ್ನ ಹೊಟ್ಟೆಗೇನೂ ಕಮ್ಮಿಯಿಲ್ಲ ದಿವಾನ್‌ಜಿ. ಕಾಲು ನೋಡಿ." ಅವನು ಅಂಗಾಲುಗಳನ್ನು ಚಾಚಿದನು. ಚರ್ಮ ಒಣಗಿ ಬಿರುಕು ಬಿಟ್ಟಿತ್ತು. "ನಲವತ್ತು ವರ್ಷ ನೀರಲ್ಲಿ ನಿಂತ ಕಾಲು. ಮೂರು ದಿನ ಒಣಗಿಸಿದ್ರೆ ಹೆಂಚಾಗುತ್ತೆ. ಒಂದು ಬಕೆಟ್ ನೀರಾದ್ರೂ ಕೊಡಿ, ಕಾಲಿಟ್ಕೊಂಡು ಕೂತಿರ್ತೀನಿ. ನನ್ನ ಕಲ್ಲನ್ನ ಆಗ್ಲೇ ಇನ್ನೊಬ್ಬ ಹಿಡಿದಾಯ್ತಂತೆ."

ನಿಗಮ್ ಒಳಗಿನಿಂದ ಕೇಳಿದನು: "ಇಶ್ರತ್, ಆ ಪೂರಿ ಯಾರು ಕಳಿಸಿದ್ದು?"

"ಅವ್ನ ಹೆಂಡ್ತಿ ಇರ್ಬೇಕು, ಸಾಹೇಬ್ರೆ."

"ಅವ್ಳಾ?" ಭಗೌತಿ ಗಹಗಹಿಸಿ ನಕ್ಕನು. "ಅವ್ಳು ಕಳಿಸಿದ್ರೆ ಜಿಲೇಬಿ ಅಲ್ಲ, ಪೊರಕೆ ಕಳಿಸ್ತಿದ್ಲು."

ಇಶ್ರತ್ ಎದುರಿನ ಮಿಠಾಯಿಯವನನ್ನು ವಿಚಾರಿಸಿಕೊಂಡು ಬಂದನು. ಹಿಂದೂ ಅಗಸನಿಗೆ ತನ್ನ ಮನೆಯ ಅಡಿಗೆ ಸಲ್ಲದೆಂದು, ಹೊತ್ತು ಹೊತ್ತಿಗೆ ಮಿಠಾಯಿಯವನಿಂದಲೇ ಕೊಡಿಸುತ್ತಿದ್ದವನು ಹುಡುಗಿಯ ತಂದೆ, ಅಚ್ಚುಗಾರ ಮುಸಯ್ಯಬ್ ಹುಸೇನ್.

"ಮಗಳ ಮದುವೆ ಕೆಡಿಸಿದೋನಿಗೆ ತಂದೆ ಜಿಲೇಬಿ ತಿನ್ನಿಸ್ತಾನಾ?" ಎಂದು ನಿಗಮ್ ಕೇಳಿದನು.

"ಮುಸಯ್ಯಬ್ ಮಿಯಾ ದೇವರಂಥ ಮನುಷ್ಯ, ಸಾಹೇಬ್ರೆ. ನಮ್ಮ ಮೊಹಲ್ಲಾದಲ್ಲಿ ಎರಡು ಕಡೆಯೋರೂ ಸಾಕ್ಷಿಗೆ ಅವ್ರನ್ನೇ ಕರೀತಾರೆ. ಒಂದು ಸಲ ಆಡಿದ ಮಾತನ್ನ ಹಿಂದಕ್ಕೆ ತಗೊಂಡೋರಲ್ಲ."

"ಅದಕ್ಕೇ ಕೇಳ್ತಿದೀನಿ. ನಡಿ."

ಅಚ್ಚಿನ ಕೋಣೆ ಓಣಿಯ ಕೊನೆಯಲ್ಲಿತ್ತು. ಗೋಡೆಯ ತುಂಬ ಮರದ ಅಚ್ಚುಗಳು. ನೆಲದ ಮೇಲೆ ಕತ್ತರಿಸಿದ ಕುರ್ತಾಗಳ ಕಟ್ಟುಗಳು. ಮುಸಯ್ಯಬ್ ಹುಸೇನ್ ತಗ್ಗಿನ ಮಣೆಯ ಮುಂದೆ ಕುಳಿತು ಅಚ್ಚನ್ನು ನೀಲಿಯಲ್ಲಿ ಅದ್ದಿ, ಬಟ್ಟೆಯ ಮೇಲಿಟ್ಟು, ಅಂಗೈಯಿಂದ ಗುದ್ದುತ್ತಿದ್ದನು. ಕಸೂತಿಯ ಹೆಂಗಸರು ಆ ನೀಲಿಗೆರೆಯ ಮೇಲೆ ಸೂಜಿ ನಡೆಸುವರು. ಕೆಲಸ ತೀರಿದ ಮೇಲೆ ಅಗಸನ ಕೈಯಲ್ಲಿ ನೀಲಿ ಅಳಿದು, ಬಿಳಿಯ ಮೇಲೆ ಬಿಳಿ ಉಳಿಯುವುದು. ಅಳಿಯುವುದಕ್ಕಾಗಿಯೇ ಮೂಡಿಸುವುದು ಆ ಮನೆತನದ ವೃತ್ತಿ.

"ನಾಳೆ ಮದುವೆ. ಕೆಲ್ಸ ನಿಲ್ಸಿಲ್ವಾ, ಮಿಯಾ?"

"ಕೈ ಸುಮ್ನಿದ್ರೆ ತಲೆ ಸುಮ್ನಿರಲ್ಲ, ಸಾಹೇಬ್ರೆ."

"ಭಗೌತಿಗೆ ಊಟ ನಿಮ್ದೇನಾ?"

ಅಚ್ಚು ಗಾಳಿಯಲ್ಲೇ ನಿಂತಿತು. "ಹೌದು."

"ಮಗಳ ಮದುವೆ ಬಟ್ಟೆ ಕದ್ದೋನಿಗೆ?"

"ಕದ್ದ ಅಂತ ಇನ್ನೂ ರುಜುವಾಗಿಲ್ವಲ್ಲ."

"ಇಡೀ ಮೊಹಲ್ಲಾ ಅವ್ನೇ ಅಂತಿದೆ. ಅಲ್ಲ ಅನ್ನೋದು ನೀವೊಬ್ರೇ. ನಿಮಗೆ ಹೇಗೆ ಗೊತ್ತು?"

"ಹಸಿದೋನಿಗೆ ಅನ್ನ ಹಾಕೋಕೂ ರುಜುವಾತು ಬೇಕಾ?"

"ಬೇಡ. ಭಾನುವಾರ ಸಂಜೆ ಎಲ್ಲಿದ್ರಿ?"

"ನಮಾಜಿಗೆ."

"ಯಾವ ಮಸೀದಿ?"

"ನದೀ ದಂಡೇದು."

"ದಿನಾ ಅಲ್ಲಿಗೇ ಹೋಗ್ತೀರಾ?"

"ಇಲ್ಲ."

ಸುಳ್ಳಿನ ಅಭ್ಯಾಸವಿಲ್ಲದವನ ಉತ್ತರಗಳು ಕಿರಿದಾಗುತ್ತ ಹೋಗುತ್ತವೆ; ಕಡೆಗೆ ಮೌನವೊಂದೇ ಉಳಿಯುತ್ತದೆ. ನಿಗಮ್ ಓಣಿಯಿಂದ ಇಬ್ಬರು ಪಂಚರನ್ನು ಕರೆಸಿ, ಮಧ್ಯಾಹ್ನ ಎರಡು ಗಂಟೆಗೆ ಶೋಧನೆ ಆರಂಭಿಸಿದನು.

ಹೊಸ ಕಟ್ಟುಗಳಲ್ಲಿ ಏನೂ ಸಿಗಲಿಲ್ಲ. ಹಿಂದಿನ ಗೋಡೆಯ ಬಳಿ ಬೇರೊಂದು ರಾಶಿ ಇತ್ತು. ಅದರಲ್ಲಿದ್ದ ಕುರ್ತಾಗಳಲ್ಲಿ ಅಲ್ಲಲ್ಲಿ ಕಸೂತಿ ಆಗಿತ್ತು. ಕಸೂತಿಯ ಮೇಲೆಯೇ ನೀಲಿಯೂ ಇತ್ತು.

"ಇವೇನು?"

"ಮರು ಅಚ್ಚಿನವು. ತಿಂಗಳುಗಟ್ಲೆ ಹೊಲೀತಾ ಕೂತ್ರೆ ಕೈ ಬೆವರಿಗೆ ನೀಲಿ ಮಾಸುತ್ತೆ. ಗೆರೆ ಕಾಣಲ್ಲ ಅಂತ ವಾಪಸ್ ಕಳಿಸ್ತಾರೆ. ಮೇಲಿಂದ ಇನ್ನೊಂದು ಸಲ ಹೊಡೀತೀನಿ."

ಇಶ್ರತ್ ಒಂದೊಂದನ್ನೇ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದನು. ಸ್ವಲ್ಪ ಹೊತ್ತಿಗೆ ಕಣ್ಣು ಉಜ್ಜಿಕೊಂಡನು. "ಎಲ್ಲಾ ಹೂವೂ ಎರಡೆರಡು ಕಾಣ್ತಿದೆ, ಸಾಹೇಬ್ರೆ. ನನಗೆ ಚಾಳೀಸು ಬಂತೋ ಏನೋ."

ಅವನ ಕಣ್ಣಿನ ದೋಷವಾಗಿರಲಿಲ್ಲ. ಹಳೆಯ ಹೊಲಿಗೆಯ ಮೇಲೆ ಎರಡನೆಯ ಅಚ್ಚನ್ನು ಇಡುವಾಗ ಕೂದಲೆಳೆಯಷ್ಟಾದರೂ ಅದು ಜಾರುತ್ತದೆ. ದಾರದ ಹೂವಿನ ಪಕ್ಕದಲ್ಲಿ ನೀಲಿ ಹೂವಿನ ನೆರಳು ಬೀಳುತ್ತದೆ. ಮುಂದೆ ಹೇಗೂ ತೊಳೆದುಹೋಗುವ ಗೆರೆ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಗಮ್ ಅದನ್ನು ಗಮನಿಸುತ್ತ, ತಾನೂ ಒಂದೊಂದಾಗಿ ಮಗುಚುತ್ತ ಹೋದನು. ರಾಶಿಯ ನಡುವಿನಲ್ಲಿದ್ದ ಒಂದು ಕುರ್ತಾದಲ್ಲಿ ನೆರಳಿರಲಿಲ್ಲ. ಎಸಳಿನ ಮೇಲೆ ಎಸಳು, ಬಳ್ಳಿಯ ಮೇಲೆ ಬಳ್ಳಿ. ದಾರವಿದ್ದಲ್ಲೆಲ್ಲ ನೀಲಿ, ದಾರವಿಲ್ಲದಲ್ಲಿ ಒಂದು ಚುಕ್ಕೆಯೂ ಇಲ್ಲ. ಅವನು ಅದನ್ನು ಬೆಳಕಿಗೆ ಹಿಡಿದನು. ನೇಯ್ಗೆಯೊಳಗಿನ ಸಣ್ಣ ಹೂಗಳು ಬೆಳಕು ಬಿದ್ದೊಡನೆ ಕಾಣಿಸಿಕೊಂಡವು.

"ಇದೊಂದಕ್ಕೆ ಯಾಕಿಷ್ಟು ಕಾಳಜಿ, ಮಿಯಾ?"

ಮುಸಯ್ಯಬ್ ಕೈಯಲ್ಲಿದ್ದ ಅಚ್ಚನ್ನು ಮಣೆಯ ಮೇಲಿಟ್ಟನು.

"ಇದ್ರಲ್ಲಿ ಹೊಲಿಯೋಕೆ ಏನೂ ಉಳ್ದಿಲ್ಲ. ಕೆಲ್ಸ ಮುಗಿದದ್ದಕ್ಕೆ ಅಚ್ಚು ಯಾಕೆ ಹೊಡೆದ್ರಿ?"

ಕೊರಳಪಟ್ಟಿಯ ಒಳಮಗ್ಗುಲಲ್ಲಿ ಅಗಸರ ಗೇರುಕಾ‌ಯಿಯ ರಸದಿಂದ ಹಾಕಿದ, ಒಗೆದರೂ ಹೋಗದ ಕಪ್ಪು ಗುರುತಿತ್ತು: ಒಂದು ಅಡ್ಡಗೆರೆ, ಎರಡು ಚುಕ್ಕೆ. ಠಾಣೆಯಿಂದ ಕರೆತಂದ ಭಗೌತಿ ಅದನ್ನು ಕಂಡೊಡನೆ ಪಂಚರ ಮುಂದೆ ಕೂಗಿದನು: "ನಂದೇ! ನನ್ನ ಗುರುತು!" ಮರುಕ್ಷಣ ಅಚ್ಚುಗಾರನ ಮುಖ ನೋಡಿ ಅವನ ದನಿ ಅಡಗಿತು.

ಸಿಬ್ತೈನ್ ಮಿರ್ಜಾನೂ ಬಂದು ಗುರುತಿಸಿದನು. ನೋಡುವವರ ಕಣ್ಣಿಗೆ ಮಣ್ಣೆರಚಲು ನೀಲಿಯನ್ನು ಹೇಗೆ ಬಳಿದಿದ್ದರೂ ಸಾಕಾಗುತ್ತಿತ್ತು. ಒರಟಾಗಿ ಬಳಿದಿದ್ದರೆ ಅದು ರಾಶಿಯಲ್ಲಿ ಬೆರೆತು ಎಂದೆಂದಿಗೂ ಸಿಗುತ್ತಿರಲಿಲ್ಲ. ಆದರೆ ಮಗಳ ಹೊಲಿಗೆಯ ಪಕ್ಕದ ಬಿಳಿಯ ಮೇಲೆ ಒಂದು ಗೆರೆಯನ್ನು ಬೀಳಿಸಲು ಆ ಕೈ ಒಪ್ಪಿರಲಿಲ್ಲ.

ಸಂಜೆ ನಾಲ್ಕು ಗಂಟೆಗೆ ಮುಸಯ್ಯಬ್ ಹುಸೇನನನ್ನು ಬಂಧಿಸಲಾಯಿತು. ಠಾಣೆಯ ಒಳಕೋಣೆಯಲ್ಲಿ ಅವನು ಹೇಳಿದ ಮೊದಲ ಮಾತು: "ಬರ್ಕೊಬೇಡಿ. ಆಗ ಹೇಳ್ತೀನಿ."

ನಿಗಮ್ ಲೇಖನಿಯ ಮುಚ್ಚಳ ಹಾಕಿದನು.

"ಶುಕ್ರವಾರ ಚಂದ್ರ ಕಂಡ್ಮೇಲೆ ನಾನೇ ಬರೋನಿದ್ದೆ."

"ಎಲ್ಲಾ ಕಳ್ಳರೂ ಹಾಗೇ ಅಂತಾರೆ."

"ಅನ್ಲಿ. ನನ್ನ ತಂಗಿ ಗಂಡ ಸತ್ತಾಗ ಅವ್ಳು ಎದೆ ಬಡ್ಕೊಂಡು ಅಳ್ತಿದ್ಲು. ಇಮಾಮ್‌ಬಾಡಾದಲ್ಲಿ ಹಜ್ರತ್ ಅಬ್ಬಾಸರ ಪತಾಕೆ ಮೇಲೆ ಕೈಯಿಟ್ಟು ಹೇಳ್ದೆ, ರುಬಾಬ್ ನಿನ್ನ ಸೊಸೆ ಅಂತ. ಆ ಪತಾಕೆ ಮೇಲೆ ಕೈಯಿಟ್ಟು ಆಡಿದ ಮಾತನ್ನ ಹಿಂದಕ್ಕೆ ತಗೊಂಡು ಬದುಕೋದು ನಮ್ಮಲ್ಲಿಲ್ಲ, ಸಾಹೇಬ್ರೆ."

"ಹಿಂದಕ್ಕೆ ಯಾಕೆ ತಗೋಬೇಕಿತ್ತು?"

"ಹೋದ ತಿಂಗಳು ಶಬ್ಬರ್ ಬಂದ. ಕುವೈತಿನ ಅನ್ನ ಮೈಗೆ ಹತ್ತಿದೆ, ಪಕ್ಕದ ಹೊಲಿಗೆ ಹಾಕೋಕೆ ಹೊಸ ಅಳತೆ ತಗೊಳ್ಳಿ ಅಂತ ತಂಗಿ ಅವ್ನು ಬಿಚ್ಚಿಟ್ಟ ಹಳೇ ಕುರ್ತಾ ಕಳಿಸಿದ್ಲು. ಎಡಗಡೆ ಹೆಗಲ ಮೇಲೆ ಕಾಡಿಗೆ ಕಲೆ. ಒಗೆದ್ರೂ ಹೋಗಿರ್ಲಿಲ್ಲ. ತಾಯಿ ಇಲ್ಲದ ಮಗಳನ್ನ ಹೆಗಲಿಗೆ ಹಾಕ್ಕೊಂಡು ಸಾಕಿದೋನು ನಾನು. ನಿದ್ದೆ ಬಂದ ಮಗೂ ಕಣ್ಣು ಉಜ್ಜೋ ಜಾಗ ಅದೇ."

ನಿಗಮ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡನು.

"ಒಬ್ನೇ ಇದ್ದಾಗ ಕೇಳ್ದೆ. ಕಾಲಿಗೆ ಬಿದ್ದ. ಅಲ್ಲಿ ಹೆಂಡತಿ ಇದಾಳೆ, ಮಗು ಇದೆ. ಅಮ್ಮಿಗೆ ಗೊತ್ತಾದ್ರೆ ಎದೆ ಒಡೆದು ಸಾಯ್ತಾಳೆ, ಮಾವ, ನಾನು ಬೇಡ ಅನ್ನಲಾರೆ, ನೀವೇ ಏನಾದ್ರೂ ಮಾಡಿ ಅಂದ. ಇನ್ನೊಂದು ಮದುವೆಗೆ ನಮ್ಮ ವಿಧೀಲಿ ಅಡ್ಡಿಯಿಲ್ಲ. ನನ್ನ ಎದೇಲಿದೆ. ಬೇಡ ಅಂದ್ರೆ ಮಾತು ತಪ್ಪಿದೆ. ಯಾಕೆ ಬೇಡ ಅಂತ ಹೇಳಿದ್ರೆ ತಂಗೀನ ಕೊಂದೆ. ಸುಮ್ನಿದ್ರೆ ಮಗಳನ್ನ ಹೂತೆ. ಚಂದ್ರ ತಾನಾಗಿ ಬಂದು ಬಾಗಿಲು ಹಾಕಿದ್ರೆ ಯಾರದೂ ತಪ್ಪಿಲ್ಲ. ಐದು ದಿನ ಕಳೀಬೇಕಿತ್ತು, ಅಷ್ಟೇ."

"ಮಗಳಿಗೆ ಗೊತ್ತಾ?"

"ಅಲ್ಲಾ ಕಾಪಾಡ್ಲಿ. ಅವಳಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

"ಭಗೌತಿ ಒಳಗಿದ್ದ."

ಆ ಮಾತಿಗೆ ಮುಸಯ್ಯಬ್ ಮುಖ ಮುಚ್ಚಿಕೊಂಡನು. ಆಡಿದ ಮಾತನ್ನು ಕಾಯುವವನನ್ನು ಆ ಮಾತೇ ಕಟ್ಟಿಹಾಕುವುದುಂಟು. ಅವನು ತನ್ನ ಕಟ್ಟಿನಿಂದ ಪಾರಾಗಲು ಇನ್ನೊಬ್ಬನ ಕೈಗೆ ಹಗ್ಗ ಸುತ್ತಿದ್ದನು, ಅದನ್ನು ಅರಿತೂ ಇದ್ದನು.

ಭಗೌತಿಯ ಬಿಡುಗಡೆಯಾಯಿತು. ಲಾಕಪ್ಪಿನ ಬಾಗಿಲಲ್ಲಿ ಇಬ್ಬರೂ ಎದುರಾದರು. ಅಗಸ ಹೇಳಿದನು: "ಜಿಲೇಬಿ ತಿನ್ನಿಸಿ ಕೂಡಿ ಹಾಕಿದ್ರಲ್ಲ, ಮಿಯಾ. ಈಗ ಹೋಗಿ ನನ್ನ ಕಲ್ಲನ್ನ ಆ ಇನ್ನೊಬ್ಬನ ಕೈಯಿಂದ ಯಾರು ಬಿಡಿಸ್ಕೊಡ್ತಾರೆ? ನೀವಾ, ನಿಮ್ಮ ಜಿಲೇಬೀನಾ?" ಉತ್ತರಕ್ಕೆ ಕಾಯದೆ ಕುಂಟುತ್ತ ನದಿಯ ಕಡೆಗೆ ನಡೆದನು.

ದೀಪ ಹಚ್ಚುವ ಹೊತ್ತಿಗೆ ಸಿಬ್ತೈನ್ ಮಿರ್ಜಾ ಸರಳುಗಳ ಮುಂದೆ ನಿಂತಿದ್ದನು.

"ಯಾಕೆ ಮಾಡ್ದೆ ಅಂತ ನಾನು ಕೇಳಲ್ಲ, ಭಾವ. ಮನೆ ಮರ್ಯಾದೆ ಮಣ್ಣು ಮಾಡ್ದೆ, ಆಯ್ತು. ಒಂದೇ ಹೇಳು. ನೀನು ಕೊಟ್ಟ ಮಾತು ಇದೆಯೋ, ಹೋಯ್ತೋ?"

ಮುಸಯ್ಯಬ್ ಎದ್ದು ಬಂದು ಸರಳನ್ನು ಹಿಡಿದುಕೊಂಡನು. ಮೇಜಿನ ಹಿಂದೆ ಕುಳಿತಿದ್ದ ನಿಗಮ್ ಓದುವುದನ್ನು ನಿಲ್ಲಿಸಿದ್ದನು.

"ಇದೆ," ಎಂದನು ಅಚ್ಚುಗಾರ.

"ಹಾಗಾದ್ರೆ ನಿನ್ನ ತಂಗಿ ಒಪ್ಪಿದಾಳೆ. ಅಣ್ಣ ಹುಚ್ಚ, ಮಗಳೇನು ಮಾಡ್ಯಾಳು ಅಂದ್ಲು. ಆ ಕುರ್ತಾ ತೊಡಿಸಿ ಶುಕ್ರವಾರ ಬೆಳಗ್ಗೆ ನಿಕಾಹ್." ಮಿರ್ಜಾ ಇತ್ತ ತಿರುಗಿದನು. "ದರೋಗಾ ಸಾಹೇಬ್ರೆ, ಕುರ್ತಾ ಕೊಡಿ."

"ಅದು ಮುದ್ದೆಮಾಲು. ಕೋರ್ಟಿಗೆ ಅರ್ಜಿ ಹಾಕಿ."

"ಹಾಕ್ತೀನಿ. ನಾಳೇನೇ ಹಾಕ್ತೀನಿ."

ಹಾಕಿದನು. ಗುರುವಾರ ಹನ್ನೊಂದೂವರೆಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು; ಅವನು ತಪ್ಪೊಪ್ಪಿಕೊಂಡನು, ಜಾಮೀನು ಕೇಳಲಿಲ್ಲ. ಮಿರ್ಜಾನ ಅರ್ಜಿಯ ಮೇಲೆ ಪೊಲೀಸರ ವರದಿ ಕೇಳಿದರು. ನಿಗಮ್ ತನ್ನ ಕೈಬರಹದಲ್ಲಿ ಬರೆದುಕೊಟ್ಟ ವರದಿ ಚಿಕ್ಕದಾಗಿತ್ತು: ವಸ್ತುವನ್ನು ಫಿರ್ಯಾದಿಗೆ ಒಪ್ಪಿಸಲು ಠಾಣೆಯ ಆಕ್ಷೇಪವಿಲ್ಲ. ಆದರೆ ವಸ್ತುವಿನ ಮೇಲಿರುವ ನೀಲಿಯ ಅಚ್ಚೇ ಈ ಮೊಕದ್ದಮೆಯ ಮುಖ್ಯ ಸಾಕ್ಷ್ಯ. ವಿಚಾರಣೆ ಮುಗಿಯುವವರೆಗೆ ಅದು ಅಳಿಯಬಾರದು.

ಮ್ಯಾಜಿಸ್ಟ್ರೇಟರು ಹಾಗೆಯೇ ಆದೇಶಿಸಿದರು. ಕುರ್ತಾವನ್ನು ಒಯ್ಯಬಹುದು, ತೊಳೆಯಕೂಡದು.

ಮಿರ್ಜಾ ನ್ಯಾಯಾಲಯದ ಜಗಲಿಯಲ್ಲಿ ನಿಗಮನ ತೋಳು ಹಿಡಿದನು. "ಇದೆಂಥ ಕೊಡೋದು? ನೀರಲ್ಲಿ ಅದ್ದಿದ್ರೆ ಒಂದು ಗಳಿಗೇಲಿ ಹೋಗೋ ನೀಲಿ!"

"ಅದಕ್ಕೇ ಅದ್ದಬೇಡಿ ಅಂದಿದ್ದು."

"ನೀಲಿ ಬಳ್ಕೊಂಡಿರೋ ಕುರ್ತಾ ಹಾಕಿ ವರನನ್ನ ಕೂರಿಸ್ಲಾ? ಜನ ನಗಲ್ವಾ? ನೀವು ಬೇಕಂತ್ಲೇ..." ಅವನು ಅರ್ಧಕ್ಕೆ ನಿಲ್ಲಿಸಿ, ಇನ್ಸ್‌ಪೆಕ್ಟರನ ಮುಖವನ್ನು ದಿಟ್ಟಿಸಿದನು. ಅಲ್ಲಿ ಕಾನೂನಿನ ಹೊರತು ಬೇರೇನೂ ಕಾಣಲಿಲ್ಲ.

ಸುಗ್ರಾ ಬೇಗಂ ಆ ಕುರ್ತಾವನ್ನು ನೋಡಿ ಪರದೆಯ ಹಿಂದೆ ಮೂರ್ಛೆ ಹೋದಳೆಂದೂ, ನೀಲಿ ಹಿಡಿದ ಬಟ್ಟೆ ಮಗನ ಮೈಗೆ ತಗಲಕೂಡದೆಂದು ಆಣೆ ಹಾಕಿದಳೆಂದೂ ಇಶ್ರತ್ ಸುದ್ದಿ ತಂದನು. ಗುರುವಾರ ಹೀಗೆ ಮುಗಿಯಿತು.

ಡಿಸೆಂಬರ್ ೧, ಶುಕ್ರವಾರ. ಬಂಧನದ ವೇಳೆ ತೆಗೆದಿಟ್ಟಿದ್ದ ಆರೋಪಿಯ ಕನ್ನಡಕವನ್ನೂ ಜಪಮಾಲೆಯನ್ನೂ ಮನೆಯವರಿಗೆ ಒಪ್ಪಿಸಲು ನಿಗಮ್ ಸಂಜೆ ತಾನೇ ಹೊರಟನು. ಓಣಿಯ ತಾರಸಿಗಳ ಮೇಲೆಲ್ಲ ಜನ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು. ಅವನು ಅಚ್ಚಿನ ಕೋಣೆಯ ಮುಂದೆ ಬರುವ ಹೊತ್ತಿಗೆ ಮೇಲಿನಿಂದ ಒಂದು ಕೂಗು, ಅದರ ಹಿಂದೆ ನೂರು ಕೂಗು. ಎಳೆಗೆರೆಯಂತಹ ಚಂದ್ರ ಕಂಡಿದ್ದನು. ಕೂಗು ಅಳುವಾಗಿ ಮಾರ್ಪಟ್ಟಿತು.

ಹೆಂಗಸರು ಹೊಸ್ತಿಲುಗಳಿಗೆ ಬಂದು ಕೈ ಬಳೆಗಳನ್ನು ಕಲ್ಲಿಗೆ ಕುಟ್ಟಿ ಒಡೆಯತೊಡಗಿದರು. ಕರ್ಬಲಾದ ಶೋಕಕ್ಕೆ ಆ ಊರಿನಲ್ಲಿ ಪ್ರತಿವರ್ಷವೂ ಹಾಗೆಯೇ. ಮುದುಕಿಯರು, ಹೊಸ ಸೊಸೆಯರು, ಕನ್ಯೆಯರು; ಯಾರ ಕೈಯೂ ಬಿಟ್ಟುಹೋಗಲಿಲ್ಲ. ಮುಸಯ್ಯಬನ ಹೊಸ್ತಿಲಲ್ಲಿ ಒಬ್ಬಳು ಮೊಣಕೈವರೆಗೆ ತೊಡಿಸಿದ್ದ ಮದುವೆಯ ಬಳೆಗಳನ್ನು ಸಾಲಾಗಿ ಒಡೆಯುತ್ತಿದ್ದಳು. ಮುಗಿದ ಮೇಲೆ ಎದ್ದು, ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಂಡು, ಅವನ ಕೈಯಿಂದ ಕನ್ನಡಕ, ಜಪಮಾಲೆಗಳನ್ನು ತೆಗೆದುಕೊಂಡು ರಸೀದಿಗೆ ಸಹಿ ಹಾಕಿದಳು.

"ಅಬ್ಬಾ ಊಟ ಮಾಡಿದ್ರಾ?"

"ಮಾಡಿದ್ರಂತೆ. ನಿನ್ನೆ ಜೈಲಿಗೆ ಕಳಿಸಿದ್ವಿ. ಬೇಗ ಬರ್ತಾರೆ, ಹೆದರ್ಬೇಡಮ್ಮ."

"ಯಾಕೆ ಮಾಡಿದ್ರು ಅಂತ ನಿಮಗೆ ಹೇಳಿದ್ರಾ?"

"ಇಲ್ಲ," ಎಂದನು ನಿಗಮ್.

"ಹೇಳಲ್ಲ ಬಿಡಿ ಅವ್ರು." ರುಬಾಬ್ ಕನ್ನಡಕವನ್ನು ದುಪಟ್ಟಾದ ತುದಿಯಿಂದ ಒರೆಸಿದಳು. "ಅಳತೆಗೆ ಅಂತ ಕಳಿಸಿದ್ರಲ್ಲ ಆ ಕುರ್ತಾ, ಅದು ಮೊದ್ಲು ನನ್ನ ಕೈಗೇ ಬಂದಿತ್ತು, ಸಾಹೇಬ್ರೆ. ಅಬ್ಬಾ ನೋಡ್ಬಾರ್ದು ಅಂತ ನಾನೇ ಎರಡು ಸಲ ಒಗೆದೆ."

ನಿಗಮ್ ಅವಳನ್ನೇ ನೋಡಿದನು. ಎಲ್ಲವನ್ನೂ ಬಲ್ಲವಳಾಗಿ, ತಂದೆಯ ಮಾತು ಉಳಿಯಲೆಂದು, ಅವಳು ಕೊನೆಯ ಹೂವಿನವರೆಗೂ ಹೊಲಿದಿದ್ದಳು.

"ಅವ್ರಿಗೆ ಹೇಳ್ಬೇಡಿ," ಎಂದಳು. "ನನಗೆ ಗೊತ್ತಿಲ್ಲ ಅಂತ್ಲೇ ಅವ್ರು ನೆಮ್ಮದಿಯಾಗಿರ್ಲಿ."

ಅವಳು ಪೊರಕೆ ತಂದು ಹೊಸ್ತಿಲಿನ ಚೂರುಗಳನ್ನು ಓಣಿಗೆ ಗುಡಿಸಿದಳು. ಪಕ್ಕದ ಮನೆಯವಳೂ ಗುಡಿಸುತ್ತಿದ್ದಳು, ಎದುರು ಮನೆಯವಳೂ ಗುಡಿಸುತ್ತಿದ್ದಳು. ಎಲ್ಲರ ಗಾಜೂ ಓಣಿಯ ನಡುವೆ ಒಂದೇ ರಾಶಿಯಾಯಿತು. ಅದರಲ್ಲಿ ಮದುವೆಯ ಬಳೆ ಯಾವುದೆಂದು ಯಾರೂ ಕೇಳಲಿಲ್ಲ.